ವರದಿಯಲ್ಲಿ ‘ಮಿತಿಯೊಳಗೆ ಇದೆ’ ಅಂತಿದೆ. ಹಾಗಾದರೆ ಮಗುವಿಗೆ ಈ ನೀರು ಕೊಡಬಹುದಾ?

ಪ್ರಶ್ನೆ: ನಮ್ಮದು ಎಂಟು ಸಾವಿರ ಜನರ ಸಣ್ಣ ಪಟ್ಟಣ. ಸುತ್ತಲೂ ಹೊಲ. ನಾಲ್ಕು ಕೊಳವೆಬಾವಿಗಳಿಂದ ನೀರೆತ್ತಿ, ಕ್ಲೋರಿನ್ ಬೆರೆಸಿ, ಟ್ಯಾಂಕಿಗೆ ಏರಿಸಿ ಮನೆಗಳಿಗೆ ಬಿಡುತ್ತಾರೆ. ನಮ್ಮ ಮನೆ ಪೈಪ್‌ಲೈನಿನ ಕೊನೆಯಲ್ಲಿದೆ. ಬೆಳಗ್ಗೆ ಮೊದಲು ಬರುವ ನೀರು ಕೆಂಪಗಿರುತ್ತದೆ. ಕೆಲವು ದಿನ ಬ್ಲೀಚಿಂಗ್ ಪುಡಿಯ ವಾಸನೆ, ಕೆಲವು ದಿನ ಏನೂ ಇಲ್ಲ. ಈ ವರ್ಷದ ನೀರಿನ ವರದಿ ತರಿಸಿಕೊಂಡು ನೋಡಿದೆ. ಬ್ಯಾಕ್ಟೀರಿಯಾ ಇಲ್ಲ ಎಂದಿದೆ. ನೈಟ್ರೇಟ್ ಸಾಲಿನಲ್ಲಿ ‘ನೈಟ್ರೋಜನ್ ಲೆಕ್ಕದಲ್ಲಿ ಸರಾಸರಿ 8.2, ಗರಿಷ್ಠ 11.6, ಮಿತಿ 10, ಮಿತಿಯೊಳಗೆ ಇದೆ’ ಎಂದು ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50 ಎಂದು ಎಲ್ಲೋ ಓದಿದ್ದೆ. ಹಾಗಾದರೆ 11.6 ತುಂಬಾ ಕಡಿಮೆಯೇ ಅಲ್ವಾ? ನನ್ನ ಮೊಮ್ಮಗಳಿಗೆ ಮೂರು ತಿಂಗಳು. ತಾಯಿಯ ಹಾಲಿನ ಜೊತೆ ಪುಡಿ ಹಾಲನ್ನೂ ಕೊಡುತ್ತಿದ್ದೇವೆ. ನಲ್ಲಿ ನೀರನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಿಯೇ ಬಳಸುತ್ತೇವೆ. ಮೊನ್ನೆ ಫಿಲ್ಟರ್ ಮಾರುವವರೊಬ್ಬರು ಬಂದು ಟಿಡಿಎಸ್ 480 ಇದೆ ಎಂದು ತೋರಿಸಿದರು. ಆಮೇಲೆ ಎರಡು ಕಂಬಿಗಳಿದ್ದ ಒಂದು ಯಂತ್ರವನ್ನು ನೀರಿಗಿಟ್ಟರು. ನಿಮಿಷದಲ್ಲಿ ಕಂದು ಕೆಸರಾಯಿತು. ನೋಡಿ ಗಾಬರಿಯಾಯಿತು. ಪಕ್ಕದ ಮನೆಯವರು ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದೆ, ಅದನ್ನು ನಿಲ್ಲಿಸಿ ಎಂದು ಅರ್ಜಿ ಕೊಡೋಣ, ಸಹಿ ಹಾಕಿ ಎನ್ನುತ್ತಿದ್ದಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಮೊದಲು ಮಗುವಿನ ವಿಷಯ. ಉಳಿದದ್ದು ಆಮೇಲೆ.

ಪುಡಿ ಹಾಲು ಕಲಸಲು ಈ ನಲ್ಲಿ ನೀರನ್ನು ಇವತ್ತಿನಿಂದಲೇ ನಿಲ್ಲಿಸಿ. ನೈಟ್ರೇಟ್ ಕಡಿಮೆ ಇದೆ ಎಂದು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿರುವ ಬಾಟಲಿ ನೀರನ್ನು ತಂದುಕೊಳ್ಳಿ. ಅದನ್ನೂ ಒಂದು ಕುದಿ ಬರುವ ತನಕ ಕಾಯಿಸಿ, ಇಳಿಸಿ, ಇನ್ನೂ ಬಿಸಿ ಇರುವಾಗಲೇ ಪುಡಿ ಕಲಸಿ. ಬಾಟಲಿ ನೀರು ಸಂಪೂರ್ಣ ಕ್ರಿಮಿರಹಿತವಲ್ಲ, ಹಾಲಿನ ಪುಡಿಯೂ ಅಲ್ಲ. 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿಯ ಹಾಲನ್ನು ಧೈರ್ಯವಾಗಿ ಮುಂದುವರಿಸಿ. ತಾಯಿ ಕುಡಿಯುವ ನೀರಿನಲ್ಲಿ ಇಷ್ಟು ನೈಟ್ರೇಟ್ ಇದ್ದರೂ ಎದೆಹಾಲಿನಲ್ಲಿ ಅದು ಹೇಳಿಕೊಳ್ಳುವಷ್ಟು ಏರುವುದಿಲ್ಲ.

ಮಗುವಿನ ತುಟಿ, ಬೆರಳ ತುದಿ, ಬಾಯಿಯ ಸುತ್ತ ನೀಲಿ ಅಥವಾ ಬೂದು ಛಾಯೆ ಕಂಡರೆ, ಮಗು ಮಂಕಾಗಿದ್ದರೆ, ಏದುಸಿರು ಬಿಡುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದೆ ಎಂದು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಅದಕ್ಕೆ ಔಷಧಿ ಇದೆ, ಬೇಗ ಗುಣವಾಗುತ್ತದೆ. ಮಗು ಆಡಿಕೊಂಡು ಚೆನ್ನಾಗಿದ್ದರೆ ಹೆದರಬೇಡಿ. ನೀರು ಬದಲಿಸಿದರೆ ಸಾಕು.

ಈಗ ಅದು ಏಕೆ ಎಂದು ಹೇಳುತ್ತೇನೆ. ನೀವು ಮಾಡುತ್ತಿರುವುದು ಪ್ರೀತಿಯಿಂದ, ಎಚ್ಚರಿಕೆಯಿಂದ. ಆದರೆ ನೈಟ್ರೇಟ್ ವಿಷಯದಲ್ಲಿ ಕುದಿಸುವುದು ತಿರುಗುಬಾಣವಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ. ನೈಟ್ರೇಟ್ ಜೀವಿಯಲ್ಲ, ಕರಗಿದ ಉಪ್ಪು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಹದಿನೈದು ನಿಮಿಷದಲ್ಲಿ ಕಾಲು ಭಾಗ ನೀರು ಆವಿಯಾಯಿತು ಎಂದಿಟ್ಟುಕೊಳ್ಳಿ. ಆಗ 11.6 ಇದ್ದದ್ದು ಸುಮಾರು 15.5 ಆಗುತ್ತದೆ. ಕ್ರಿಮಿಗೆ ಒಂದು ಒಳ್ಳೆಯ ಕುದಿ ಸಾಕು. ಜಾಸ್ತಿ ಕುದಿಸಿದಷ್ಟೂ ಒಳ್ಳೆಯದು ಎನ್ನುವ ಮಾತು ಇಲ್ಲಿ ಹೊಂದುವುದಿಲ್ಲ.

ಮೂರು ತಿಂಗಳ ಮಗುವಿಗೇ ಏಕೆ ತೊಂದರೆ? ನೈಟ್ರೇಟ್ ಹೊಟ್ಟೆ, ಕರುಳಿನಲ್ಲಿ ನೈಟ್ರೈಟ್ ಆಗಿ ಬದಲಾಗುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ದೊಡ್ಡವರಲ್ಲಿ ಅದನ್ನು ಕೂಡಲೇ ಸರಿಪಡಿಸುವ ಕಿಣ್ವ ಸಾಕಷ್ಟಿರುತ್ತದೆ. ಆರು ತಿಂಗಳೊಳಗಿನ ಮಗುವಿನಲ್ಲಿ ಅದು ಕಡಿಮೆ. ಮಗುವಿನ ಹೊಟ್ಟೆಯಲ್ಲಿ ಆಮ್ಲವೂ ಕಡಿಮೆ, ಹಾಗಾಗಿ ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಜೊತೆಗೆ ತೂಕಕ್ಕೆ ಹೋಲಿಸಿದರೆ ಮಗು ಕುಡಿಯುವ ನೀರು ನಮಗಿಂತ ಎಷ್ಟೋ ಜಾಸ್ತಿ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಬಾವಿ ನೀರಿಗೂ ಹಸುಗೂಸುಗಳು ನೀಲಿಗಟ್ಟುವುದಕ್ಕೂ ಇರುವ ನಂಟನ್ನು ಬರೆದು ತಿಳಿಸಿದರು. ಇವತ್ತಿನ ನೈಟ್ರೇಟ್ ಮಿತಿಗಳೆಲ್ಲ ಆ ಮಕ್ಕಳನ್ನು ಕಾಪಾಡಲೆಂದೇ ಬಂದವು.

50 ಮತ್ತು 10ರ ಗೊಂದಲ

ನೀವು ಓದಿದ 50 ಸರಿ. ವರದಿಯಲ್ಲಿರುವ 10 ಕೂಡ ಸರಿ. ಎರಡೂ ಲೀಟರಿಗೆ ಮಿಲಿಗ್ರಾಂ. ಆದರೆ ತೂಗಿದ ವಸ್ತು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ ಇಡೀ ನೈಟ್ರೇಟನ್ನು ತೂಗಿ 50 ಎನ್ನುತ್ತದೆ. ಅಮೆರಿಕದ ನಿಯಮ ಅದರೊಳಗಿನ ನೈಟ್ರೋಜನ್ನನ್ನು ಮಾತ್ರ ತೂಗಿ 10 ಎನ್ನುತ್ತದೆ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇಡೀ ನೈಟ್ರೇಟ್ ಲೆಕ್ಕದಲ್ಲಿ 45 ಎನ್ನುತ್ತದೆ. ನೈಟ್ರೋಜನ್ ಲೆಕ್ಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಲೆಕ್ಕ ಸಿಗುತ್ತದೆ. ನಿಮ್ಮ 11.6 ಅಂದರೆ 51ಕ್ಕೂ ಸ್ವಲ್ಪ ಹೆಚ್ಚು. ಮೂರೂ ಮಿತಿ ದಾಟಿದೆ.

ಈ ತಪ್ಪು ನಿಮ್ಮೊಬ್ಬರದಲ್ಲ. ವರ್ಷಗಳಿಂದ ನೀರಿನ ಕೆಲಸ ಮಾಡುತ್ತಿರುವವರೇ ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಮಿತಿಯ ಪಕ್ಕ ಇಟ್ಟು ನೆಮ್ಮದಿಯಾಗಿದ್ದದ್ದನ್ನು ನಾನು ಕಂಡಿದ್ದೇನೆ. ವರದಿ ಓದುವಾಗ ಅಂಕಿಗಿಂತ ಮೊದಲು ಅದರ ಪಕ್ಕದ ಪುಟ್ಟ ಅಕ್ಷರಗಳನ್ನು ಓದಿ.

ಇನ್ನೊಂದು ದೊಡ್ಡ ವಿಷಯವಿದೆ. ಗರಿಷ್ಠ 11.6, ಮಿತಿ 10, ಆದರೂ ‘ಮಿತಿಯೊಳಗೆ’ ಎಂದು ಬರೆದದ್ದು ಹೇಗೆ? ಸರಾಸರಿ 8.2 ನೋಡಿ ಬರೆದಿದ್ದಾರೆ. ಕೆಲವು ವಸ್ತುಗಳಿಗೆ ಸರಾಸರಿ ನೋಡುವುದು ಸರಿಯಾದ ಕ್ರಮವೇ. ಆರ್ಸೆನಿಕ್ ವರ್ಷಗಟ್ಟಲೆ ದೇಹಕ್ಕೆ ಸೇರಿ ತೊಂದರೆ ಕೊಡುವಂಥದ್ದು. ಅದರ ಮಿತಿ, ಲೀಟರಿಗೆ 10 ಮೈಕ್ರೋಗ್ರಾಂ, ವರ್ಷಗಟ್ಟಲೆ ಕುಡಿಯುವುದನ್ನು ಲೆಕ್ಕಕ್ಕೆ ಹಿಡಿದದ್ದು. ಒಂದು ತಿಂಗಳು ಸ್ವಲ್ಪ ಏರಿ ಇಳಿದರೆ ವರ್ಷದ ಸರಾಸರಿ ಅರ್ಥಪೂರ್ಣ. ನೈಟ್ರೇಟ್ ಹಾಗಲ್ಲ. ಕೆಲವು ದಿನಗಳಲ್ಲೇ ಕೂಸಿಗೆ ಅಪಾಯ ತರಬಲ್ಲದು. ಕ್ರಿಮಿಗಳ ವಿಷಯವೂ ಅಷ್ಟೇ. ಒಳ್ಳೆಯ ಹನ್ನೊಂದು ತಿಂಗಳು ಕೆಟ್ಟ ಒಂದು ತಿಂಗಳಿಗೆ ಪರಿಹಾರವಾಗುವುದಿಲ್ಲ.

ಅಮೆರಿಕದ ನಿಯಮ ಇದನ್ನು ಚೆನ್ನಾಗಿ ಹಿಡಿದಿದೆ. ನೈಟ್ರೇಟ್ ಮಾದರಿ ಮಿತಿ ದಾಟಿದರೆ 24 ಗಂಟೆಯೊಳಗೆ ಎರಡನೇ ಮಾದರಿ ತೆಗೆಯಬೇಕು. ಆ ಎರಡರ ಸರಾಸರಿ ಮಿತಿ ಮೀರಿದ್ದರೆ ಉಲ್ಲಂಘನೆ. ಜನರಿಗೆ 24 ಗಂಟೆಯೊಳಗೆ ತಿಳಿಸಬೇಕು. ವರ್ಷದ ಸರಾಸರಿಗೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಊರಿಗೆ ಅನ್ವಯವಾಗುವ ನಿಯಮ ಯಾವುದೇ ಇರಲಿ, ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: 11.6 ಬಂದದ್ದು ಯಾವ ತಾರೀಖು, ಮರುಪರೀಕ್ಷೆ ಮಾಡಿದಿರಾ?

ನಾಲ್ಕು ಬಾವಿಯ ಲೆಕ್ಕ

ನೈಟ್ರೇಟ್ ಬರುವುದು ಗೊಬ್ಬರದಿಂದ, ದನದ ಕೊಟ್ಟಿಗೆಯಿಂದ, ಶೌಚಗುಂಡಿಗಳಿಂದ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೆಳೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಕಿದ್ದು ಮಳೆ ನೀರಿನ ಜೊತೆ ಇಳಿದು ಅಂತರ್ಜಲ ಸೇರುತ್ತದೆ. ಬಾವಿಯ ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಸರಿಯಾಗಿ ತುಂಬದಿದ್ದರೆ ಅದೇ ಅಡ್ಡದಾರಿ. ಮೇಲಿನ ಕೊಳಕು ನೀರು ಸೀದಾ ಕೆಳಗಿಳಿಯುತ್ತದೆ.

ಆದರೆ ಒಂದು ತಿಂಗಳು 8, ಇನ್ನೊಂದು ತಿಂಗಳು 11.6 ಹೇಗೆ? ಮಳೆ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ನೋಡುವುದಿಲ್ಲ: ಆವತ್ತು ಯಾವ ಪಂಪ್ ಓಡುತ್ತಿತ್ತು? ಮೂರು ಬಾವಿಗಳಲ್ಲಿ 6 ಇದೆ, ನಾಲ್ಕನೆಯದರಲ್ಲಿ 20 ಇದೆ ಎಂದು ಊಹಿಸಿಕೊಳ್ಳಿ. ನಾಲ್ಕೂ ಸಮನಾಗಿ ಓಡಿದರೆ ಟ್ಯಾಂಕಿನಲ್ಲಿ 9.5. ಮಿತಿಯೊಳಗೆ. ಒಳ್ಳೆಯ ಬಾವಿಯೊಂದರ ಮೋಟರ್ ಸುಟ್ಟು ಮೂರೇ ಓಡಿದರೆ 10.7. ಎರಡು ಕೆಟ್ಟು ನಿಂತರೆ 13. ಅಂದರೆ ನೆಲದಡಿಯ ನೀರು ಬದಲಾಗಿಲ್ಲ, ಪಂಪ್‌ಹೌಸಿನ ಸ್ವಿಚ್ ಬದಲಾಗಿದೆ, ಅಷ್ಟೇ. ಟ್ಯಾಂಕಿನ ನೀರನ್ನು ಮಾತ್ರ ಪರೀಕ್ಷೆ ಮಾಡುವ ಊರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಪ್ರತಿ ಬಾವಿಯ ನೀರನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಬೇಕು. ನಿಮ್ಮ ಊರಿಗೆ ತುರ್ತಾಗಿ ಬೇಕಾದ ಒಂದೇ ಒಂದು ಕೆಲಸ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಕೆಟ್ಟ ಬಾವಿ ಯಾವುದು ಎಂದು ಗೊತ್ತಾದ ದಿನವೇ ಅದನ್ನು ನಿಲ್ಲಿಸಬಹುದು. ಹೊಸ ಯಂತ್ರ ಬೇಕಿಲ್ಲ.

ಕ್ಲೋರಿನ್ ಬೇಡ ಎಂಬ ಅರ್ಜಿ

ದಯವಿಟ್ಟು ಸಹಿ ಹಾಕಬೇಡಿ. ಪಕ್ಕದ ಮನೆಯವರ ಭಯ ಪೂರ್ತಿ ಸುಳ್ಳಿನ ಮೇಲೆ ನಿಂತಿಲ್ಲ, ಅದಕ್ಕೇ ಅವರಿಗೆ ಸಿಟ್ಟಿನಿಂದ ಉತ್ತರ ಕೊಡಬಾರದು. ಎಲೆ, ಪಾಚಿ, ಕೊಳೆತ ಸಸ್ಯದ ಅಂಶ ನೀರಿನಲ್ಲಿದ್ದರೆ ಕ್ಲೋರಿನ್ ಅದರೊಂದಿಗೆ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ವಸ್ತುಗಳಾಗುತ್ತವೆ. ಇದು 1970ರ ದಶಕದಿಂದ ಗೊತ್ತಿದೆ. ಹಲವು ವರ್ಷ ಹೆಚ್ಚು ಪ್ರಮಾಣದಲ್ಲಿ ಕುಡಿದರೆ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚಬಹುದು ಎಂಬ ಆತಂಕದಿಂದಲೇ ಮಿತಿಗಳಿವೆ. ಒಟ್ಟು ಪ್ರಮಾಣ ಲೀಟರಿಗೆ ಅಮೆರಿಕದಲ್ಲಿ 80, ಯುರೋಪಿಯನ್ ಒಕ್ಕೂಟದಲ್ಲಿ 100 ಮೈಕ್ರೋಗ್ರಾಂ. ಇದು ಹೆಚ್ಚಾಗಿ ಕೆರೆ, ನದಿ ನೀರಿನ ಸಮಸ್ಯೆ. ಕೊಳವೆಬಾವಿ ನೀರಿನಲ್ಲಿ ಅಂಥ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆ. ಅನುಮಾನವಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಕೇಳಿ, ನ್ಯಾಯವಾದ ಬೇಡಿಕೆ. ಹೆಚ್ಚಿದ್ದರೂ ಪರಿಹಾರ ಕ್ಲೋರಿನ್ ನಿಲ್ಲಿಸುವುದಲ್ಲ. ಕ್ಲೋರಿನ್ ಹಾಕುವ ಮೊದಲೇ ಆ ಅಂಶವನ್ನು ಸೋಸಿ ತೆಗೆಯಬೇಕು. ಉಪವಸ್ತುಗಳ ಭಯಕ್ಕೆ ಸೋಂಕುನಿವಾರಣೆಯಲ್ಲಿ ರಾಜಿ ಮಾಡಿಕೊಳ್ಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಬಿಡಿಸಿ ಹೇಳಿದೆ.

ಕ್ಲೋರಿನ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮಂಥದ್ದೇ ಎರಡು ಊರುಗಳ ಕಥೆ ಹೇಳಬೇಕು.

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್. ಸುಮಾರು 5 ಸಾವಿರ ಜನ, ಸುತ್ತ ಹೊಲ, ಬಾವಿ ನೀರು. 2000ರ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಪಕ್ಕದ ಜಮೀನಿನ ಸಗಣಿ ಗೊಬ್ಬರದಿಂದ ಇ. ಕೋಲಿ ಒ157 ಎಂಬ ಕ್ರೂರ ಬ್ಯಾಕ್ಟೀರಿಯಾ ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಕ್ಲೋರಿನ್ ಸಾಕಷ್ಟಿದ್ದಿದ್ದರೆ ಬಹುತೇಕ ಅಲ್ಲೇ ನಿಲ್ಲುತ್ತಿತ್ತು. ಆದರೆ ಅಲ್ಲಿನ ನಿರ್ವಾಹಕರು ವರ್ಷಗಳಿಂದ ಬೇಕಾದಷ್ಟು ಕ್ಲೋರಿನ್ ಹಾಕುತ್ತಿರಲಿಲ್ಲ. ಅಳೆಯದೆಯೇ ಪುಸ್ತಕದಲ್ಲಿ ಕ್ಲೋರಿನ್ ಲೀಟರಿಗೆ 0.5, 0.75 ಮಿಲಿಗ್ರಾಂ ಎಂದು ಬರೆಯುತ್ತಿದ್ದರು. ಪ್ರಯೋಗಾಲಯದಿಂದ ಕೆಟ್ಟ ಫಲಿತಾಂಶ ಬಂದಾಗಲೂ ಆರೋಗ್ಯ ಅಧಿಕಾರಿಗಳಿಗೆ ಹೇಳಲಿಲ್ಲ. 7 ಜನ ತೀರಿಕೊಂಡರು. 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಆಮೇಲಿನ ವಿಚಾರಣೆಯಲ್ಲಿ ಆ ರೈತ ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ತಿಳಿಯಿತು. ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಿತ್ತು. ಈ ಕಥೆ ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು, ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್. ಸುಮಾರು 14 ಸಾವಿರ ಜನ. ನೆಲದಡಿಯ ನೀರು ಶುದ್ಧ, ಕ್ಲೋರಿನ್ ಬೇಡ ಎಂಬ ನಂಬಿಕೆಯಲ್ಲಿ ಹಾಗೇ ಬಿಡುತ್ತಿದ್ದರು. 2016ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಕುರಿ ಹಿಕ್ಕೆಯ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬಾವಿ ಸೇರಿತು. 5 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಆ ದುರಂತದಿಂದ ಆ ದೇಶ ತನ್ನ ಕುಡಿಯುವ ನೀರಿನ ಕಾನೂನನ್ನೇ ಬದಲಿಸಿತು.

ನೈಟ್ರೇಟ್ ಇರುವ ಬಾವಿಗೆ ಗೊಬ್ಬರದ, ಶೌಚಗುಂಡಿಯ ದಾರಿ ಆಗಲೇ ತೆರೆದಿದೆ ಎಂದು ಅರ್ಥ. ಉಪ್ಪು ಬಂದ ದಾರಿಯಲ್ಲಿ ಕ್ರಿಮಿಯೂ ಬರಬಹುದು. ನಿಮ್ಮ ಊರಿಗೆ ಕ್ಲೋರಿನ್ ಬೇಕೇ ಬೇಕು.

ವಾಸನೆಯ ಬಗ್ಗೆ ಒಂದು ಮಾತು. ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಉಲ್ಟಾ. ನೀರಿನಲ್ಲಿ ಅಮೋನಿಯಾ ಇದ್ದು ಕ್ಲೋರಿನ್ ಸಾಲದಾದಾಗ ಘಾಟು ಹೆಚ್ಚು. ಹಾಗಾಗಿ ಮೂಗನ್ನು ನಂಬಬೇಡಿ, ಅಳೆಯಿರಿ. ಡಿಪಿಡಿ ಎಂಬ ಸಣ್ಣ ಕಿಟ್ ಸಿಗುತ್ತದೆ. ಮಾತ್ರೆಯೋ ಪುಡಿಯೋ ಹಾಕಿದರೆ ನೀರು ಗುಲಾಬಿಯಾಗುತ್ತದೆ, ಬಣ್ಣದ ಪಟ್ಟಿಗೆ ಹೋಲಿಸಿ ನೋಡಬಹುದು. ಮನೆಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಮೇಲಿನ ಮಿತಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5, ಅಮೆರಿಕದಲ್ಲಿ 4. ವಾರಕ್ಕೆ ಎರಡು ಸಲ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ದಿನ ವಾಸನೆ, ಒಂದು ದಿನ ಇಲ್ಲ ಎಂದರೆ ಪ್ರಮಾಣ ಸಮ ಇಲ್ಲ ಎಂಬ ಅನುಮಾನ ನನಗಿದೆ. ಸೊನ್ನೆ ಬಂದ ದಿನ ಮನೆಯವರೆಲ್ಲ ನೀರನ್ನು ಒಂದು ಕುದಿ ಕಾಯಿಸಿ ಕುಡಿಯಿರಿ.

ಕೊನೆಯ ಮನೆಯ ನೀರು

ಈಗ ಕೆಂಪು ನೀರು. ಅದು ಹಳೆಯ ಕಬ್ಬಿಣದ ಪೈಪಿನ ತುಕ್ಕು, ಅಥವಾ ಬಾವಿಯಿಂದಲೇ ಬಂದು ಪೈಪಿನಲ್ಲಿ ಕೂತ ಕಬ್ಬಿಣ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೆ ಕಲೆ ಹಿಡಿಯುತ್ತದೆ. ಆರೋಗ್ಯಕ್ಕೆ ಅದರಿಂದಲೇ ದೊಡ್ಡ ಅಪಾಯವಿಲ್ಲ. ಬಣ್ಣ ಕಪ್ಪಗಿದ್ದರೆ ಮಾತ್ರ ನನಗೆ ತಿಳಿಸಿ. ಅದು ಮ್ಯಾಂಗನೀಸ್ ಇರಬಹುದು, ಪುಡಿ ಹಾಲು ಕುಡಿಯುವ ಮಗುವಿಗೆ ಅದೂ ಒಳ್ಳೆಯದಲ್ಲ.

ಕೆಂಪು ಬಣ್ಣ ಹೇಳುವ ಸುದ್ದಿ ಬೇರೆಯೇ ಇದೆ. ಲೈನಿನ ಕೊನೆಯಲ್ಲಿ ನೀರು ಓಡುವುದಿಲ್ಲ, ನಿಲ್ಲುತ್ತದೆ. ನಿಂತ ನೀರಿನಲ್ಲಿ ಕ್ಲೋರಿನ್ ಕರಗಿ ಹೋಗುತ್ತದೆ. ತುಕ್ಕು ಕೂಡ ಅದನ್ನು ತಿನ್ನುತ್ತದೆ. ಹಾಗಾಗಿ ಟ್ಯಾಂಕಿನ ಬುಡದಲ್ಲಿ 0.8 ಇದ್ದರೂ ನಿಮ್ಮ ನಲ್ಲಿಯಲ್ಲಿ ಸೊನ್ನೆ ಇರಬಹುದು.

‘ಬ್ಯಾಕ್ಟೀರಿಯಾ ಇಲ್ಲ’ ಎಂಬ ಸಾಲನ್ನು ಈಗ ಮತ್ತೆ ಓದಿ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಲೆಕ್ಕ, 5 ಸಾವಿರ ಜನಕ್ಕೆ ವರ್ಷಕ್ಕೆ 12 ಮಾದರಿ. ನಿಮ್ಮ ಊರಿಗೆ ಸುಮಾರು 20 ಆಯಿತು. ಪ್ರತಿ ಪರೀಕ್ಷೆಗೆ ನೋಡುವುದು 100 ಮಿಲಿ ಲೀಟರ್ ನೀರು. ಅಂದರೆ ಊರೆಲ್ಲ ವರ್ಷವಿಡೀ ಕುಡಿದ ನೀರಿನಲ್ಲಿ ಕಣ್ಣಿಟ್ಟು ನೋಡಿದ್ದು ಎರಡು ಲೀಟರ್. ಇದು ದೂರು ಅಲ್ಲ. ಪರೀಕ್ಷೆ ಇರುವುದೇ ಹಾಗೆ. ಅದಕ್ಕೇ ಆ ಎರಡು ಲೀಟರನ್ನು ಎಲ್ಲಿಂದ ತೆಗೆದರು ಎನ್ನುವುದು ಅಷ್ಟು ಮುಖ್ಯ. ಪಂಪ್‌ಹೌಸಿನ ನಲ್ಲಿ ಹತ್ತಿರ, ಸುಲಭ. ಇಪ್ಪತ್ತೂ ಬಾಟಲಿಯನ್ನು ಅಲ್ಲೇ ತುಂಬಿದರೆ ವರದಿ ಸುಳ್ಳಾಗುವುದಿಲ್ಲ. ನಿಮ್ಮ ಮನೆಯ ಬಗ್ಗೆ ಏನೂ ಹೇಳುವುದಿಲ್ಲ, ಅಷ್ಟೇ. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ಒಂದು ಊರಿನ ಮೂರು ವರ್ಷದ ವರದಿಗಳನ್ನು ಹರಡಿಕೊಂಡು ಕೂತಿದ್ದೆ. ಪ್ರತಿಯೊಂದೂ ಚೊಕ್ಕ. ಮಾದರಿ ತೆಗೆದ ಜಾಗದ ಕಾಲಂ ನೋಡಿದರೆ ಎಲ್ಲದರಲ್ಲೂ ಒಂದೇ ಹೆಸರು. ಆವತ್ತಿನಿಂದ ಆ ಕಾಲಂ ನೋಡದೆ ಬೇರೆ ಅಂಕಿ ನೋಡುವುದಿಲ್ಲ.

ಸೀಸದ ವಿಷಯದಲ್ಲಿ ಇದು ಇನ್ನೂ ಸತ್ಯ. ಸೀಸ ಬಹುಪಾಲು ಬಾವಿಯಿಂದ ಬರುವುದಿಲ್ಲ. ಹಳೆಯ ಸೀಸದ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿಗಳಿಂದ ರಾತ್ರಿಯಿಡೀ ನಿಂತ ನೀರಿಗೆ ಇಳಿಯುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿದರು. ತುಕ್ಕು ತಡೆಯುವ ರಾಸಾಯನಿಕ ಸೇರಿಸಲಿಲ್ಲ. ನದಿಯಲ್ಲಿ ಇಲ್ಲದ ಸೀಸ ಪೈಪುಗಳಿಂದ ಮಕ್ಕಳ ಲೋಟಕ್ಕೆ ಬಂತು. ಬೆಳಗಿನ ಮೊದಲ ನೀರನ್ನು ಕುಡಿಯಲು, ಅಡುಗೆಗೆ ಹಿಡಿಯಬೇಡಿ. ತಣ್ಣಗಾಗಿ, ತಿಳಿಯಾಗುವ ತನಕ ನಲ್ಲಿ ತೆರೆದು ಹರಿಯಬಿಡಿ, ಆ ನೀರನ್ನು ಗಿಡಕ್ಕೋ ನೆಲ ಒರೆಸಲೋ ಬಳಸಿ.

ಲೈನಿನ ತುದಿಯಲ್ಲಿ ಒಂದು ವಾಲ್ವ್ ಇರುತ್ತದೆ, ಅಥವಾ ಇರಬೇಕು. ತಿಂಗಳಿಗೊಮ್ಮೆ ಅದನ್ನು ತೆರೆದು ಜೋರಾಗಿ ನೀರು ಬಿಟ್ಟರೆ ಕೂತ ತುಕ್ಕು ಹೋಗುತ್ತದೆ, ಹೊಸ ನೀರಿನ ಜೊತೆ ಕ್ಲೋರಿನ್ನೂ ಬರುತ್ತದೆ. ಕಚೇರಿಯಲ್ಲಿ ಇದನ್ನು ಕೇಳಿಕೊಳ್ಳಿ.

ಆ ಕಂದು ಕೆಸರು

ಇದನ್ನು ಬೇಗ ಮುಗಿಸುತ್ತೇನೆ. ಆ ಯಂತ್ರದ ಒಂದು ಕಂಬಿ ಕಬ್ಬಿಣದ್ದು. ವಿದ್ಯುತ್ ಹರಿದಾಗ ಕಂಬಿಯೇ ಕರಗಿ ತುಕ್ಕಾಗುತ್ತದೆ. ನೀವು ಕಂಡದ್ದು ನೀರಿನ ಕೊಳೆಯಲ್ಲ, ಕಂಬಿಯ ಕಬ್ಬಿಣ. ಆರ್‌ಒ ಎಂದರೆ ನೀರನ್ನು ಪೊರೆಯ ಮೂಲಕ ತಳ್ಳಿ ಉಪ್ಪು ತೆಗೆಯುವ ಫಿಲ್ಟರ್. ಅದರ ನೀರಿನಲ್ಲಿ ಉಪ್ಪು ಕಡಿಮೆ, ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಅದೇ ಆರ್‌ಒ ನೀರಿಗೆ ಚಿಟಿಕೆ ಉಪ್ಪು ಹಾಕಿಸಿ ನೋಡಿ, ಅದೂ ಕೆಸರಾಗುತ್ತದೆ.

ಟಿಡಿಎಸ್ 480 ಅಂದರೆ ಕರಗಿದ ಉಪ್ಪು, ಖನಿಜಗಳ ಒಟ್ಟು ಅಂದಾಜು. 600ರೊಳಗಿನ ನೀರು ರುಚಿಗೆ ಒಳ್ಳೆಯದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಟಿಡಿಎಸ್ ಮೀಟರಿಗೆ ಕ್ರಿಮಿ ಕಾಣುವುದಿಲ್ಲ, ಸೀಸ ಕಾಣುವುದಿಲ್ಲ. ನಿಮ್ಮ 51 ನೈಟ್ರೇಟ್ ಕೂಡ ಆ 480ರೊಳಗೆ ಅಡಗಿ ಕೂತಿದೆ. ನಿಜವಾದ ಸಮಸ್ಯೆಯನ್ನು ಆ ಮೀಟರ್ ತೋರಿಸಲೇ ಇಲ್ಲ.

ಈಗ ಏನು ಮಾಡಬಹುದು

ಮನೆಯ ಮಟ್ಟದಲ್ಲಿ, ಮಗುವಿಗೆ ಬಾಟಲಿ ನೀರು ಕೆಲವು ತಿಂಗಳಿಗೆ ಸಾಕಾಗುವ ದಾರಿ. ಎಲ್ಲರಿಗೂ ಬೇಕೆಂದರೆ ಅಡುಗೆಮನೆಯ ಒಂದೇ ನಲ್ಲಿಗೆ ಆರ್‌ಒ ಹಾಕಿಸಬಹುದು. ಅದು ನೈಟ್ರೇಟಿನ ಹೆಚ್ಚಿನ ಭಾಗವನ್ನು ತೆಗೆಯುತ್ತದೆ. ಆದರೆ ಪೊರೆ ಹಳತಾದಂತೆ ಸದ್ದಿಲ್ಲದೆ ಸೋಲುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಹಾಕಿಸಿದ ಮೇಲೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಹೊರಬರುವ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸುವುದಾದರೆ ಮಾತ್ರ ಹಾಕಿಸಿ. ಆರ್‌ಒದಲ್ಲಿರುವ ಇದ್ದಿಲು ಕ್ಲೋರಿನ್ನನ್ನೂ ತೆಗೆಯುತ್ತದೆ. ಆ ನೀರನ್ನು ದಿನಗಟ್ಟಲೆ ತುಂಬಿಡಬೇಡಿ. ಬರೀ ಇದ್ದಿಲಿನ ಫಿಲ್ಟರ್, ಯುವಿ ದೀಪದ ಫಿಲ್ಟರ್, ಜಗ್ಗಿನ ಫಿಲ್ಟರ್ ಇವು ನೈಟ್ರೇಟನ್ನು ನಂಬುವಷ್ಟು ತೆಗೆಯುವುದಿಲ್ಲ. ಮನೆಯ ಉಳಿದ ದೊಡ್ಡವರು ಈ ಮಟ್ಟದ ನೀರಿಗೆ ಭಯಪಡಬೇಕಿಲ್ಲ. ಬಸುರಿಯರಿದ್ದರೆ ಅವರಿಗೂ ಕಡಿಮೆ ನೈಟ್ರೇಟಿನ ನೀರು ಕೊಡಿ. ಸ್ನಾನಕ್ಕೆ, ಮಗುವಿನ ಬಟ್ಟೆ ತೊಳೆಯಲು ನಲ್ಲಿ ನೀರೇ ಸಾಕು. ನೈಟ್ರೇಟ್ ಚರ್ಮದ ಮೂಲಕ ಅಂಥ ಪ್ರಮಾಣದಲ್ಲಿ ಒಳಗೆ ಹೋಗುವುದಿಲ್ಲ.

ಊರಿನ ಮಟ್ಟದಲ್ಲಿ ಅಗ್ಗದ ದಾರಿ ಕೆಟ್ಟ ಬಾವಿಯನ್ನು ನಿಲ್ಲಿಸುವುದು, ಇಲ್ಲವೇ ಒಳ್ಳೆಯ ನೀರಿನೊಂದಿಗೆ ಬೆರೆಸುವುದು. ಬೆರೆಸುವುದರ ತೊಂದರೆ ಆಗಲೇ ಹೇಳಿದೆ, ಒಂದು ಮೋಟರ್ ಕೆಟ್ಟರೆ ಲೆಕ್ಕ ತಪ್ಪುತ್ತದೆ. ಆಗ ಕೆಟ್ಟ ಬಾವಿಯೂ ತಾನಾಗಿ ನಿಲ್ಲುವ ಏರ್ಪಾಡು ಬೇಕು. ಆಳದ ಹೊಸ ಬಾವಿ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಆಳದಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಕಡಿಮೆ, ನಿಜ. ಆದರೆ ಕೆಲವು ಕಡೆ ಬಂಡೆಯ ಫ್ಲೋರೈಡ್ ಅಥವಾ ಆರ್ಸೆನಿಕ್ ಜಾಸ್ತಿ. ಒಂದು ಕಾಯಿಲೆ ಬಿಟ್ಟು ಇನ್ನೊಂದನ್ನು ತಂದುಕೊಂಡ ಊರುಗಳಿವೆ. ಪೈಪ್ ಹಾಕುವ ಮೊದಲು ಪೂರ್ತಿ ಪರೀಕ್ಷೆ ಆಗಲಿ.

ಅಯಾನ್ ವಿನಿಮಯ ಘಟಕ, ಅಂದರೆ ರಾಳದ ಮಣಿಗಳಿಂದ ನೈಟ್ರೇಟ್ ಹಿಡಿದಿಡುವ ಯಂತ್ರ, ಹಾಕುತ್ತೇವೆ ಎಂದರೆ ಒಂದು ಪ್ರಶ್ನೆ ತಪ್ಪದೇ ಕೇಳಿ: ನಮ್ಮ ನೀರಿನಲ್ಲಿ ಸಲ್ಫೇಟ್ ಎಷ್ಟಿದೆ? ಸಲ್ಫೇಟ್ ಕೂಡ ಕರಗಿದ ಉಪ್ಪೇ. ಸಾಧಾರಣ ರಾಳಕ್ಕೆ ನೈಟ್ರೇಟಿಗಿಂತ ಅದರ ಮೇಲೆ ಪ್ರೀತಿ ಜಾಸ್ತಿ. ರಾಳ ತುಂಬಿದ ಮೇಲೂ ಓಡಿಸುತ್ತಲೇ ಇದ್ದರೆ ಸಲ್ಫೇಟ್ ಒಳಗೆ ನುಗ್ಗಿ, ಹಿಡಿದಿಟ್ಟ ನೈಟ್ರೇಟನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ಆಗ ಘಟಕದಿಂದ ಬರುವ ನೀರು ಬಾವಿ ನೀರಿಗಿಂತ ಕೆಟ್ಟದಾಗಿರುತ್ತದೆ. ಘಟಕ ಉದ್ಘಾಟನೆಯಾದ ಮೇಲೆ ಅದನ್ನು ನೋಡಿಕೊಳ್ಳಲು ತರಬೇತಿ ಪಡೆದವರಿಲ್ಲದ ಊರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಕೇಸಿಂಗಿನ ಸುತ್ತ ಸಿಮೆಂಟ್ ತುಂಬುವುದು, ಬಾವಿಯ ಸುತ್ತ ಗೊಬ್ಬರ, ಶೌಚಗುಂಡಿ ದೂರವಿಡುವುದು ಇವೆಲ್ಲ ಆಗಲೇಬೇಕು. ಫಲ ಕಾಣಲು ವರ್ಷಗಳೇ ಬೇಕು. ಅದಕ್ಕೆಂದೇ ಇವತ್ತೇ ಶುರು ಮಾಡಬೇಕು.

ಕಚೇರಿಗೆ ಹೋಗುವಾಗ ಜಗಳಕ್ಕೆ ಹೋಗಬೇಡಿ. ಸಣ್ಣ ಊರುಗಳಲ್ಲಿ ಪಂಪ್, ಕ್ಲೋರಿನ್, ಒಡೆದ ಪೈಪು, ಬಿಲ್ಲು ಎಲ್ಲವನ್ನೂ ಒಬ್ಬರೇ ನೋಡುತ್ತಿರುತ್ತಾರೆ. ಬಹಳಷ್ಟು ಜನ ಪ್ರಾಮಾಣಿಕರು, ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 11.6ರ ತಾರೀಖಿನ ಜೊತೆ ಇನ್ನು ಮೂರು ಕಾಗದ ಕೇಳಿ. ನಾಲ್ಕೂ ಬಾವಿಯ ಪ್ರತ್ಯೇಕ ನೈಟ್ರೇಟ್ ಅಂಕಿ, ಮಾದರಿ ತೆಗೆದ ಜಾಗಗಳ ಪಟ್ಟಿ, ಲೈನಿನ ತುದಿಯ ಕ್ಲೋರಿನ್ ದಾಖಲೆ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ತಿಂಗಳ ಕೂಸಿದೆ ಎಂದು ಅರ್ಜಿಯಲ್ಲೇ ಬರೆಯಿರಿ, ಊರಲ್ಲಿ ಇನ್ನೆಷ್ಟು ಅಂಥ ಮನೆಗಳಿವೆಯೋ. ಉತ್ತರ ಬಾರದಿದ್ದರೆ ಆರೋಗ್ಯ ಇಲಾಖೆಗೆ ಅದೇ ಪತ್ರದ ಪ್ರತಿ ಕಳುಹಿಸಿ. ನಿಮ್ಮ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರಿಗೆ ನೀರಿನ ಬಗ್ಗೆ ಕಾಳಜಿ ಇದೆ.

ನಿಮ್ಮ ನಲ್ಲಿ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ನೀವೂ ಒಮ್ಮೆ ಕೊಡಿ. ಬಾಟಲಿಯನ್ನು ಅವರಿಂದಲೇ ತನ್ನಿ. ಕ್ರಿಮಿ ಪರೀಕ್ಷೆಯ ಬಾಟಲಿಯಲ್ಲಿ ಕ್ಲೋರಿನ್ ಅಳಿಸುವ ಪುಡಿ ಇರುತ್ತದೆ, ತೊಳೆಯಬೇಡಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ತಂಪಾಗಿಟ್ಟು ಅದೇ ದಿನ ತಲುಪಿಸಿ. ಸೀಸಕ್ಕೆ ಮಾತ್ರ ರಾತ್ರಿ ನಿಂತ ಮೊದಲ ನೀರನ್ನೇ ಹಿಡಿಯಿರಿ, ಉಳಿದವಕ್ಕೆ ಸ್ವಲ್ಪ ಬಿಟ್ಟ ಮೇಲೆ. ನೈಟ್ರೇಟನ್ನು ಯಾವ ಲೆಕ್ಕದಲ್ಲಿ ಬರೆಯುತ್ತೀರಿ ಎಂದು ಆಗಲೇ ಕೇಳಿಕೊಳ್ಳಿ. ಒಂದು ಮಾದರಿ ಜೋರು ಮಳೆಯಾದ ವಾರದಲ್ಲಿ ಇರಲಿ. ಫಲಿತಾಂಶ ಬಂದ ಮೇಲೆ ಬಾವಿಗಳ ಅಂಕಿಯ ಜೊತೆ ನನಗೆ ಕಳುಹಿಸಿ, ಕೂತು ನೋಡಿ ಬರೆಯುತ್ತೇನೆ. ಅಲ್ಲಿಯ ತನಕ ಮೊಮ್ಮಗಳ ಹಾಲಿಗೆ ಬೇರೆ ನೀರು.